ಸೋಮವಾರದ ಫೈನಲ್

ಮಗಳ ಹೊಸ ಚೆಂಡಿನ ರಬ್ಬರ್ ವಾಸನೆ ಮೂಗಿಗೆ ಬಡಿದಾಗ, ನಿದ್ದೆಗೆಟ್ಟ ತಲೆಯೊಳಗೆ ಅಜ್ಜನ ಪಡಸಾಲೆ ತೆರೆದುಕೊಂಡಿತು.

ಬ್ರಿಟಿಷರ ಕಾಲದಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ನಡುವೆ ಒಂದೇ ವರ್ಷ ವಾಲಿಬಾಲ್ ಲೀಗ್ ನಡೆದಿತ್ತಂತೆ. ಫೈನಲ್ ಸವಣೂರಿನಲ್ಲಿ. ಅಜ್ಜ ಶಿಗ್ಗಾವಿಯ ನಾಯಕ, ಅಜ್ಜಿಯ ಅಣ್ಣ ಸವಣೂರಿನ ನಾಯಕ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಆಟಗಾರರೆಲ್ಲ ಬಿಡುವಾಗಿರುತ್ತಾರೆ ಎಂದು ಪಂದ್ಯವನ್ನು ಅಂದಿಗೇ ಗೊತ್ತು ಮಾಡಿದರು. ಬಂಡಿಯನ್ನೂ ಹೂಡುವಂತಿಲ್ಲ ಎಂಬುದು ಹೊರಡುವಾಗಷ್ಟೇ ಹೊಳೆಯಿತು. ಶಿಗ್ಗಾವಿಯವರು ನಡೆದೇ ಹೋದರು.

“ಹೊತ್ತು ಮುಳುಗೂತನಾ ಕಾದ್ರು ನಮ್ಮಣ್ಣಾರು. ನೀವು ಬರಲೇ ಇಲ್ರಿ. ಗೆದ್ದವರು ನಾವ,” ಎನ್ನುತ್ತಿದ್ದಳು ಅಜ್ಜಿ, ಅವರೆಕಾಯಿ ಸುಲಿಯುತ್ತ.

“ಬಂದಿದ್ವಿ. ಬಯಲಾಗ ನಿಮ್ಮ ಮಂದಿನ ಇರಲಿಲ್ಲ. ಆಟ ನಮ್ದು!” ಅಜ್ಜ ರೇಗುತ್ತಿದ್ದ.

ಆ ಜಗಳದಲ್ಲೇ ಲೀಗ್ ಮುಗಿಯಿತು. ಯಾರು ಗೆದ್ದರೆಂದು ನನಗೆ ಇಂದಿಗೂ ತಿಳಿದಿಲ್ಲ.

“ಅಲ್ಲಜ್ಜಾ, ಸೋಮವಾರ ಅಂತ ಹೇಳಿದ್ದು ಯಾರು?” ಎಂದು ಒಮ್ಮೆ ಕೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜ, ಅಜ್ಜಿಗೆ ಕೇಳದಂತೆ ಅಂದ: “ನಾನವ್ವಾ. ಯಾರಿಗೂ ಹೇಳಬ್ಯಾಡ.”

ನಾಳೆ ಮಗಳಿಗೆ ಲಸಿಕೆ. ದಿನ ಗೊತ್ತು ಮಾಡಿದವಳು ನಾನೇ. ಬೆಳಗಿನಿಂದ ಐದು ಸಲ ಕ್ಯಾಲೆಂಡರ್ ನೋಡಿದ್ದೇನೆ, ಆದರೂ ಏನನ್ನೋ ಮರೆತಿದ್ದೇನೆ ಅನಿಸುತ್ತಿದೆ.