ಜೊಂಡಿನೊಳಗಿನ ಬಿಟರ್ನ್

ತಂಗಿಗೆ ಇನ್ನು ಕೀಮೋದಿಂದ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ ವಾರ ನಾನು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋದೆ. ಏನು ಮಾಡಿಕೊಡಲಿ, ಯಾರನ್ನು ಕರೆಸಲಿ ಎಂದು ಕೇಳಿದರೆ ಅವಳು ಹೇಳಿದ್ದು ಒಂದೇ.

"ಕೆರಿಗೆ ಕರ್ಕೊಂಡ ಹೋಗಕ್ಕಾ. ಬಿಟರ್ನ್ ನೋಡಬೇಕು."

ಬಿಟರ್ನ್ ಅಂದರೆ ಬಕದ ಜಾತಿಯ ಕಂದು ಹಕ್ಕಿ. ಯಾರಾದರೂ ಹತ್ತಿರ ಬಂದರೆ ಕೊಕ್ಕನ್ನು ಆಕಾಶಕ್ಕೆತ್ತಿ, ಜೊಂಡಿನ ನಡುವೆ ತಾನೂ ಒಂದು ಜೊಂಡಾಗಿ ನಿಂತುಬಿಡುತ್ತದೆ. ಚಳಿಗಾಲಕ್ಕೆ ಅವಳ ಸಬರ್ಬ್‌ನ ಆಚೆಯ ಕೆರೆಗೆ ಅದು ಬರುತ್ತದೆಂದು ಗೊತ್ತಿದ್ದರೂ ಅವಳಿಗೆ ಒಮ್ಮೆಯೂ ಕಂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಗುಬ್ಬಿಯನ್ನೂ ತಿರುಗಿ ನೋಡದವಳು. ಇಲ್ಲಿಗೆ ಬಂದು ಕೆಲಸ ಸಿಗದ ಮೊದಲ ವರ್ಷ, ಒಬ್ಬಳೇ ಕೆರೆ ಸುತ್ತಿ ಸುತ್ತಿ ಹಕ್ಕಿಗಳ ಹುಚ್ಚು ಹಿಡಿಸಿಕೊಂಡಿದ್ದಳು.

ಅವಳ ಗಂಡ, "ಈ ಥಂಡ್ಯಾಗ ಬ್ಯಾಡ" ಅಂದರು. ಆಮೇಲೆ ತಾವೇ ಹೋಗಿ ಕಾರಿನ ಹೀಟರ್ ಹಾಕಿ ಬಂದರು.

ಅಲ್ಲಿ ಕೆರೆ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಆ ಬೆಳಿಗ್ಗೆ ಮಾತ್ರ ಅಂಚಿನ ನೀರಿನ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅವಳನ್ನು ವೀಲ್‌ಚೇರಿನಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಹಲಗೆ ದಾರಿಯ ಕೊನೆತನಕ ತಳ್ಳಿಕೊಂಡು ಹೋದೆವು. ಬೈನಾಕ್ಯುಲರ್ ಎತ್ತಿ ಹಿಡಿಯುವ ಶಕ್ತಿ ಅವಳ ಕೈಗಳಲ್ಲಿ ಉಳಿದಿರಲಿಲ್ಲ. ಗಂಡ ಹಿಂದೆ ನಿಂತು ಅವಳ ಕಣ್ಣಿಗೆ ಹಿಡಿದರು.

ಬಹಳ ಹೊತ್ತಾದ ಮೇಲೆ ಅವಳು ನನ್ನ ತೋಳು ಅಮುಕಿದಳು.

"ಅಕ್ಕಾ, ಅಲ್ಲೈತಿ. ಮುರದ ಜೊಂಡಿನ ಎಡಕ್ಕ. ಕಾಣಸ್ತೇನ?"

"ಇಲ್ಲವಾ. ಎಲ್ಲೈತಿ?"

"ಅಯ್ಯ, ನಿನ್ನ ಮುಂದ ನಿಂತೈತಿ!"

ತಣ್ಣಗಿನ ಬೆರಳುಗಳಿಂದ ನನ್ನ ಗದ್ದ ಹಿಡಿದು ತಿರುಗಿಸಿದಳು. ನನಗೆ ಜೊಂಡಷ್ಟೇ ಕಂಡಿತು. ಅವಳ ಗಂಡನಿಗೂ ಅಷ್ಟೇ. ನಮ್ಮಿಬ್ಬರ ಮುಖ ನೋಡಿ ಅವಳಿಗೆ ನಗು ಬಂತು. ಕೆಮ್ಮು ಬರುವಷ್ಟು ನಕ್ಕಳು. ತಿಂಗಳುಗಳಿಂದ ಆ ನಗು ಕೇಳಿರಲಿಲ್ಲ. ನಾನೂ ನಗುತ್ತಲೇ ಅವಳ ಬೆನ್ನು ಸವರಿದೆ. ಸ್ವೆಟರಿನ ಕೆಳಗೆ ಬರೀ ಮೂಳೆಗಳು ಕೈಗೆ ಹತ್ತಿದವು.

ಬರುವಾಗ ಕಾರಿನಲ್ಲಿ ನನ್ನ ಹೆಗಲಿಗೊರಗಿ ನಿದ್ದೆಹೋದಳು. ಆಮೇಲೆ ಮನೆಯಿಂದ ಹೊರಗೆ ಹೋಗಿದ್ದು ಆಸ್ಪತ್ರೆಗೆ ಮಾತ್ರ. ಚಳಿ ಮುಗಿಯುವ ಮೊದಲೇ ಹೋಗಿಬಿಟ್ಟಳು.

ನಾನು ನಾರ್ತ್ ಸಿಡ್ನಿಯ ಆಫೀಸಿಗೆ ಮರಳಿದೆ. ಒಂದು ಮಧ್ಯಾಹ್ನ, ಮೀಟಿಂಗ್ ನಡುವೆ, ಅವಳ ಗಂಡನ ಫೋನ್ ಬಂತು. ಹೊರಗೆ ಬಂದು ಎತ್ತಿದೆ. ಅವಳ ಬಟ್ಟೆಯ ಬೀರು ತೆರೆದು ನಿಂತಿದ್ದರಂತೆ.

"ಅಕ್ಕಾರ, ಆಕಿ ಅರವಿ ಎಲ್ಲಾ ಏನ್ ಮಾಡಲ್ರಿ?"

"ಸದ್ಯ ಅಲ್ಲೇ ಇರಲಿ ಬಿಡ್ರಿ" ಅಂದೆ. ಮೀಟಿಂಗಿಗೆ ವಾಪಸ್ ಹೋಗಲಾಗದೆ ಮೆಟ್ಟಿಲ ಮೇಲೆ ಕೂತು ಅತ್ತೆ.