ಕೆಂಪು ಪಟ್ಟಿಯ ಚಿಗವ್ವ

ಕಬ್ಬಿನ ಹಂಗಾಮು ಮುಗಿಯುವವರೆಗೂ ಎದುರುಮನೆ ಚಿಗವ್ವನ ಹೆಬ್ಬೆರಳುಗಳು ಕಪ್ಪಾಗಿಯೇ ಇರುತ್ತಿದ್ದವು. ರೇಡಿಯಂ ಪಟ್ಟಿಯ ಅಂಟಿಗೆ ರಸ್ತೆಯ ದೂಳು ಮೆತ್ತಿ, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಿಂದಲೇ ರೊಟ್ಟಿ ಬಡಿದು ನಮಗೂ ಕೊಡುತ್ತಿದ್ದಳು. ರಕ್ತಸಂಬಂಧವಿರಲಿಲ್ಲ, ಚಿಕ್ಕಮ್ಮನಂತಿದ್ದ ಅವಳು ಓಣಿಗೆಲ್ಲ ಚಿಗವ್ವ.

ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಹೆದ್ದಾರಿ ಲೋಕಾಪುರದಲ್ಲಿ ನಮ್ಮ ಮನೆಗಳ ಮುಂದೆಯೇ ಹಾಯುತ್ತದೆ. ಒಂದು ಮುಸ್ಸಂಜೆ ಮುಧೋಳದಿಂದ ಬೈಕಿನಲ್ಲಿ ಬರುತ್ತಿದ್ದ ಅವಳ ಗಂಡ, ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಗುದ್ದಿ ತೀರಿಕೊಂಡ. ಟ್ರೇಲರಿಗೆ ದೀಪವಿರಲಿಲ್ಲ. ಚಾಲಕ ಓಡಿಹೋಗಿದ್ದ.

ಮುಂದಿನ ಹಂಗಾಮಿನಿಂದ ಅವಳು ದಿನವೂ ಇಳಿಹೊತ್ತಿಗೆ ರಸ್ತೆಯ ಉಬ್ಬಿನ ಬಳಿ ನಿಲ್ಲತೊಡಗಿದಳು. ಟ್ರ್ಯಾಕ್ಟರ್ ನಿಧಾನವಾದೊಡನೆ ಕೈ ಅಡ್ಡ ಹಿಡಿದು, ಟ್ರೇಲರಿನ ಹಿಂಬದಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುತ್ತಿದ್ದಳು. ಬೈದವರಿಗೆ ಒಂದೇ ಮಾತು: "ನಿನಗ ಮುಂದಿನ ಹಾದಿ ಕಾಣತೈತಿ ತಮ್ಮಾ. ಹಿಂದ ಬರಾಂವಗ ನೀ ಕಾಣಬೇಕಲ್ಲ."

ಒಂದು ಸಂಜೆ ನನ್ನ ಅಂಗಡಿ ಮುಚ್ಚಿ ಬಂದು ಅವಳಿಗೆ ಪಟ್ಟಿ ಕತ್ತರಿಸಿ ಕೊಡುತ್ತಿದ್ದೆ. ಚಾಲಕನೊಬ್ಬ ತಾನಾಗಿಯೇ ಗಾಡಿ ನಿಲ್ಲಿಸಿ ಇಳಿದ.

"ಅವತ್ತ ಕೆಟ್ಟ ನಿಂತಿದ್ದು ನನ್ನ ಗಾಡಿನ ಯವ್ವಾ," ಎಂದ. "ಇಷ್ಟ ದಿನಾ ಬ್ಯಾರೆ ಹಾದಿ ಹಿಡದ ಹೋಗತಿದ್ನಿ."

ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಚಿಗವ್ವ ಕೇಳಿದಳು: "ಜೀವಾ ಇತ್ತೇನ ಆವಾಗ?"

"ಇತ್ತರಿ. ನೀರ ಕೇಳಿದ್ರು, ಕುಡಿಸಿದ್ನಿ. ಮಂದಿ ಬರಾಕತ್ತರು, ಹೆದರಿ ಓಡಿದ್ನಿ."

ಅವಳು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡಳು. ಅದು ಸೊಟ್ಟಗೆ ಅಂಟಿತು. ಕಿತ್ತು, ಮತ್ತೆ ನೆಟ್ಟಗೆ ಅಂಟಿಸಿದಳು. "ಹೋಗು" ಎಂದಳು.

ಅವನನ್ನು ಕ್ಷಮಿಸಿದೆಯಾ ಎಂದು ದಾರಿಯಲ್ಲಿ ಕೇಳಿದೆ.

"ಅದು ನನ್ನ ಕೈಲೆ ಆಗೂದಲ್ಲ. ಪಟ್ಟಿ ಹಚ್ಚೂದಷ್ಟ ಆಗತೈತಿ."

ಆ ರಾತ್ರಿ ಅವಳ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಹೋದ ವರ್ಷ ಎದೆನೋವಿನಿಂದ ಚಿಗವ್ವ ಹೋದಳು. ಮಣ್ಣು ಮಾಡುವಾಗ ಆ ಚಾಲಕನೂ ಬಂದು ದೂರದಲ್ಲಿ ನಿಂತಿದ್ದ. ಈಗ ರಸ್ತೆ ಅಗಲವಾಗಿದೆ, ಉಬ್ಬು ಕಿತ್ತಿದ್ದಾರೆ. ಮೊನ್ನೆ ಸಂಜೆ ಪಟ್ಟಿ ಹಿಡಿದು ನಾನೂ ಹೋಗಿ ನಿಂತೆ. ಟ್ರ್ಯಾಕ್ಟರುಗಳು ಹಾಡು ಜೋರಾಗಿ ಹಚ್ಚಿಕೊಂಡು ಒಂದರ ಹಿಂದೊಂದು ಹಾದುಹೋದವು. ಕತ್ತಲಾಗುವವರೆಗೆ ಕೈ ಅಡ್ಡ ಹಿಡಿದೇ ಇದ್ದೆ. ಒಂದೂ ನಿಲ್ಲಲಿಲ್ಲ.