ಶಾಲೆಗೇ ಹೋಗದ ಮೊಮ್ಮಗಳ ಟ್ಯೂಷನ್ನು

ಶಾಲೆಗೇ ಹೋಗದ ಹುಡುಗಿಯನ್ನು ಕದ್ದುಮುಚ್ಚಿ ಟ್ಯೂಷನ್ನಿಗೆ ಕಳಿಸಿದ ತಾತ ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಕುಡಿತ, ಇಸ್ಪೀಟು, ಇನ್ನೊಂದು ಸಂಸಾರ, ಇವನ್ನೆಲ್ಲ ಮನೆಯವರಿಂದ ಬಚ್ಚಿಟ್ಟ ಗಂಡಸರನ್ನು ನಾನು ಕೆಲಸ ಮಾಡಿದ ಕಾರ್ಖಾನೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಾನು ಬಚ್ಚಿಟ್ಟದ್ದು ಭಾಗಾಕಾರವನ್ನು. ಪಾಪ ಮಾಡುವುದಕ್ಕೂ ಸ್ವಲ್ಪ ಗತ್ತು ಬೇಕು. ನನ್ನ ಪಾಪಕ್ಕೆ ಅದೂ ಇರಲಿಲ್ಲ. ಆದರೂ ಅದರಿಂದ ನನ್ನ ಸೊಸೆ ಕಣ್ಣೀರು ಹಾಕಿದ್ದು ನಿಜ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬನಶಂಕರಿಯಿಂದ ಗಿರಿನಗರಕ್ಕೆ ಹೋಗುವ ಕಡೆ ಒಂದು ಬಾಡಿಗೆ ಮನೆ. ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಜೆ.ಪಿ. ನಗರದ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಯಾರೋ ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡರೆ, ನಮ್ಮ ಮನೆಯಲ್ಲಿ ಅವನ ಊಟದ ತಟ್ಟೆ ಅರ್ಧಕ್ಕೇ ಉಳಿಯುತ್ತದೆ. ಸೊಸೆ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಫೋನಿನಲ್ಲೇ ಆರ್ಡರ್ ತೆಗೆದುಕೊಂಡು ಮಾರುತ್ತಾಳೆ. ಇನ್ನು ಮೊಮ್ಮಗಳು. ಕೊರೊನಾ ಕಾಲದಲ್ಲಿ ಎಲ್ಲರ ಮಕ್ಕಳೂ ಮನೆಯಲ್ಲಿದ್ದರು. ಶಾಲೆಗಳು ತೆರೆದಾಗ ಎಲ್ಲರ ಮಕ್ಕಳೂ ಹೋದರು, ನಮ್ಮದು ಹೋಗಲಿಲ್ಲ. ಸೊಸೆ ಹೇಳಿದ್ದು ಇಷ್ಟೇ: "ಮಾವ, ಮನೇಲೇ ಚೆನ್ನಾಗಿ ಕಲೀತಿದಾಳೆ. ಆ ಫೀಸ್ ಕಟ್ಟಿ ಕೆಡಿಸೋದ್ಯಾಕೆ?"

ಕಲಿಯುತ್ತಿದ್ದದ್ದು ಸುಳ್ಳಲ್ಲ. ಧನಿಯ ಎಷ್ಟಕ್ಕೆ ಮೆಣಸಿನಕಾಯಿ ಎಷ್ಟು ಎಂದು ತಕ್ಕಡಿಯಲ್ಲಿ ತೂಗುವುದು ಅವಳ ಗಣಿತ. ಪುಸ್ತಕಗಳು ಲೈಬ್ರರಿಯಿಂದ, ಇಲ್ಲವೇ ಹಳೇ ಪುಸ್ತಕದಂಗಡಿಯಿಂದ, ಹಿಂದಿನ ಯಾವನೋ ಹುಡುಗ ಚಿತ್ರಗಳಿಗೆ ಬರೆದಿಟ್ಟ ಮೀಸೆಗಳ ಸಮೇತ ಬರುತ್ತಿದ್ದವು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅಮ್ಮ ಮಗಳು ವಾರಕ್ಕೊಂದು ದಿಕ್ಕು ಹಿಡಿದು ಹೊರಡುತ್ತಿದ್ದರು. ಆ ಪ್ರವಾಸಗಳಲ್ಲಿ ಟಿಕೆಟ್ ತೆಗೆದುಕೊಳ್ಳಬೇಕಾದ ಏಕೈಕ ಪ್ರಾಣಿ ನಾನು. ಹೀಗಾಗಿ ಸೊಸೆ ನನ್ನನ್ನು ಯೋಚನೆ ಮಾಡಿಯೇ ಕರೆಯುತ್ತಿದ್ದಳು.

ಒಮ್ಮೆ ಬೇಗೂರಿನ ಹಳೇ ದೇವಸ್ಥಾನಕ್ಕೆ ಕರೆದೊಯ್ದರು. ಶಾಸನದ ಕಲ್ಲಿನ ಮುಂದೆ ಮೊಮ್ಮಗಳು ಬಹಳ ಹೊತ್ತು ಕೂತಿದ್ದು, ಕೊನೆಗೆ ಅರ್ಚಕರನ್ನು ಕೇಳಿದಳು: "ಕಲ್ಲಲ್ಲಿ ತಪ್ಪು ಬರೆದ್ರೆ ಹೇಗೆ ಅಳಿಸ್ತಿದ್ರು?" ಅರ್ಚಕರು ನನ್ನನ್ನು ನೋಡಿದರು, ನಾನು ದೇವರನ್ನು ನೋಡಿದೆ. ದೇವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅರ್ಚಕರು ಇನ್ನೊಂದು ದೊನ್ನೆ ಪುಳಿಯೋಗರೆ ಕೊಟ್ಟು ಅವಳ ಬಾಯಿ ಮುಚ್ಚಿಸಿದರು. ಅವಳು ಹಾಗೆ. ಹಲ್ಲಿ ಸೂರಿನಿಂದ ಯಾಕೆ ಬೀಳುವುದಿಲ್ಲ, ಬಿದ್ದರೆ ಮಾತ್ರ ಅಪಶಕುನ ಯಾಕೆ, ನಿನ್ನ ಕಿವಿಯಲ್ಲಿ ಕೂದಲಿರುವಾಗ ತಲೆಯಲ್ಲಿ ಯಾಕಿಲ್ಲ, ಎಂದು ಬೆಳಗಾದರೆ ಶುರು.

ನನಗೆ ಇದರಿಂದ ಸಂತೋಷವಾಗಬೇಕಿತ್ತು. ನಾನು ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು. ಶಾಲೆಯಲ್ಲಿ ಏಟು ತಿಂದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಆದರೆ ಅಂಥವರಿಗೇ ಶಾಲೆಯೆಂದರೆ ಭಕ್ತಿ ಹೆಚ್ಚು. ಅದರ ಮೇಲೆ ಪಾರ್ಕಿನ ಬೆಂಚು. ಬೆಳಗಿನ ವಾಕಿಂಗ್ ಮುಗಿಸಿ ಅಲ್ಲಿ ಕೂರುವ ಮುದುಕರಿಗೆ ಮಾತಾಡಲು ಎರಡೇ ವಿಷಯ: ತಮ್ಮ ಹೊಟ್ಟೆ, ಮೊಮ್ಮಕ್ಕಳ ಶಾಲೆ. ಹೊಟ್ಟೆಯ ಮಾತಿನಲ್ಲಿ ನಾನು ಯಾರಿಗೂ ಸೋತವನಲ್ಲ. ಶಾಲೆಯ ಮಾತು ಬಂದಾಗ ಮಾತ್ರ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. ಒಂದು ದಿನ ಬ್ಯಾಂಕಿನಿಂದ ರಿಟೈರಾದ ಮಹಾಶಯರೊಬ್ಬರು ಹಿಡಿದುಕೊಂಡೇಬಿಟ್ಟರು.

"ಮೊಮ್ಮಗಳು ಯಾವ ಸ್ಕೂಲ್ರೀ?"

"ಹೋಂಸ್ಕೂಲಿಂಗು ಸಾರ್. ಮನೇಲೇ."

"ಓ," ಎಂದರು ಅವರು, ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ. "ಫೀಸ್ ಕಷ್ಟ ಆಯ್ತೇನೋ? ಏನ್ಮಾಡೋದು ಬಿಡಿ. ಸರ್ಕಾರಿ ಶಾಲೇನೂ ಪರವಾಗಿಲ್ಲ ಈಗ."

ಆ ಅನುಕಂಪ ನನಗೆ ಇಡೀ ದಿನ ಹುಳಿತೇಗಿನಂತೆ ಮೇಲೆ ಬರುತ್ತಿತ್ತು. ಮರುದಿನವೇ ನಾನು ಎದುರು ರಸ್ತೆಯ ಟ್ಯೂಷನ್ ಮಿಸ್ ಮನೆಯ ಮೆಟ್ಟಿಲು ಹತ್ತಿದೆ.

ಮಿಸ್ ಎರಡನೇ ಮಹಡಿಯಲ್ಲಿ ಇರುತ್ತಾರೆ, ಗಟ್ಟಿ ಗಂಟಲಿನ ಹೆಂಗಸು. ಸಂಜೆ ಅವರ ಹಾಲಿನಲ್ಲಿ ಮಕ್ಕಳು ಚಾಪೆಯ ಮೇಲೆ ಕೂತು ಉತ್ತರಗಳನ್ನು ಒಪ್ಪಿಸುವುದು ಬೀದಿಗೆಲ್ಲ ಕೇಳಿಸುತ್ತದೆ. ಯಾವ ಶಾಲೆ ಎಂದು ಅವರು ಕೇಳಿದಾಗ, "ಸ್ವಲ್ಪ ದೂರ ಮಿಸ್, ಹೊಸ ಥರದ್ದು" ಎಂದೆ. ಡೈರಿ ತರಲು ಹೇಳಿದರು. "ಅಲ್ಲಿ ಡೈರಿ ಇಲ್ಲ." ಯೂನಿಟ್ ಟೆಸ್ಟು? "ಇದ್ದಕ್ಕಿದ್ದಂಗೆ ಮಾಡ್ತಾರೆ." ಫೀಸಿನ ಮಾತು ಬಂದಾಗ ನಾನು ಅವರ ಮಂಡಿನೋವನ್ನು ನೋಡಿದೆ, ಅವರು ನನ್ನ ಕೈಯ ಚೀಲವನ್ನು ನೋಡಿದರು. ಫೀಸಿನ ಬದಲು ಮಾರ್ಕೆಟ್ಟಿನಿಂದ ಅವರ ತರಕಾರಿಯನ್ನೂ ನಾನೇ ತಂದು ಮೇಲೆ ಹತ್ತಿಸುವುದೆಂದು ತೀರ್ಮಾನವಾಯಿತು.

ಮನೆಯಲ್ಲಿ ಇದನ್ನು ನಡೆಸುವುದು ಬಹಳ ಸುಲಭವಾಗಿತ್ತು. ಸಂಜೆ ಸೊಸೆ ಮೆಣಸಿನಕಾಯಿ ಹುರಿಯುತ್ತಾಳೆ. ಆ ಘಾಟಿಗೆ ಮಗು ಕೆಮ್ಮುತ್ತದೆಂದು ಅವಳೇ ನಮ್ಮಿಬ್ಬರನ್ನೂ ಹೊರಗೆ ಅಟ್ಟುತ್ತಿದ್ದಳು. "ಪಾರ್ಕಿಗೆ ಹೋಗಿಬನ್ನಿ ಮಾವ." ನಾವು ಪಾರ್ಕಿಗೇ ಹೋಗುತ್ತಿದ್ದೆವು. ಒಂದು ಗೇಟಿನಲ್ಲಿ ಒಳಗೆ ಹೋಗಿ ಇನ್ನೊಂದು ಗೇಟಿನಲ್ಲಿ ಹೊರಗೆ ಬಂದು ಮಿಸ್ ಮನೆಗೆ. "ಅಮ್ಮ ಕೇಳಿದ್ರೆ ಪಾರ್ಕಿಗೆ ಹೋಗಿದ್ವಿ ಅನ್ನು. ಸುಳ್ಳಲ್ವಲ್ಲ?" ಎಂದು ಮೊಮ್ಮಗಳಿಗೆ ಹೇಳಿಕೊಟ್ಟೆ. ಅವಳು ಹುಬ್ಬು ಗಂಟಿಕ್ಕಿ ನಿಂತಳು. ಬೇಕರಿಯಲ್ಲಿ ಒಂದು ತುಂಡು ದಿಲ್‌ಪಸಂದ್ ಕೊಡಿಸಿದೆ. ಹುಬ್ಬು ಸಡಿಲವಾಯಿತು. ಒಂಬತ್ತು ವರ್ಷದ ಮಗುವಿಗೆ ನಾನು ಸ್ವಂತವಾಗಿ ಕಲಿಸಿದ ಪಾಠ ಇದೊಂದೇ, ಬಹಳ ಚೆನ್ನಾಗಿ ಕಲಿಸಿದೆ.

ಮೊದಮೊದಲು ಅಲ್ಲಿಯೂ ಪ್ರಶ್ನೆ ಕೇಳಿದಳಂತೆ. "ನೋಡು ಮರಿ, ಪ್ರಶ್ನೆ ಕೇಳೋದು ನಾನು, ಉತ್ತರ ಹೇಳೋದು ನೀನು" ಎಂದು ಮಿಸ್ ಹೇಳಿದರಂತೆ. ಅವರನ್ನು ದೂರುವುದಿಲ್ಲ. ಅಷ್ಟೊಂದು ಮಕ್ಕಳನ್ನು ಒಂದು ಚಾಪೆಯ ಮೇಲೆ ಕೂರಿಸಿಕೊಂಡವರು ಇನ್ನೇನು ಹೇಳಿಯಾರು? ಬೇಗನೆ ಮೊಮ್ಮಗಳು ಮಗ್ಗಿಯನ್ನು ರೈಲಿನ ಹಾಗೆ ಓಡಿಸತೊಡಗಿದಳು. ಬೆಂಚಿನ ಮುಂದೆ ಅವಳನ್ನು ನಿಲ್ಲಿಸಿ ಬ್ಯಾಂಕಿನವರ ಎದುರು ಮಗ್ಗಿ ಹೇಳಿಸಿದೆ. ಅವರು ತಲೆದೂಗಿದರು. ನಾನು ಅಂದು ನೆಲದ ಮೇಲೆ ನಡೆಯಲಿಲ್ಲ.

ಮನೆಯಲ್ಲಿ ಮಾತ್ರ ಏನೋ ಬದಲಾಗುತ್ತಿತ್ತು. ಮೊಮ್ಮಗಳು ನೀರು ಕುಡಿಯಲು ಅಡುಗೆಮನೆಯ ಬಾಗಿಲಲ್ಲಿ ನಿಂತು "ಮೇ ಐ?" ಎನ್ನತೊಡಗಿದಳು. ಬಸ್ಸಿನ ಕಿಟಕಿಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಸೊಸೆ ಉದ್ದಿನಬೇಳೆ ಹುರಿಯುತ್ತಾ, ಬೇಳೆ ಕೆಂಪಾಗುತ್ತಲೇ ವಾಸನೆ ಯಾಕೆ ಬದಲಾಗುತ್ತದೆ ನೋಡೋಣ ಬಾ ಎಂದು ಕರೆದಳು. ಮೊದಲಾಗಿದ್ದರೆ ಒಲೆಯ ಮೇಲೇ ಹತ್ತಿ ಕೂರುತ್ತಿದ್ದವಳು, "ಇದು ಪರೀಕ್ಷೆಗೆ ಬರುತ್ತಾ ಅಮ್ಮ?" ಎಂದಳು. ಸೊಸೆಯ ಕೈಯ ಸಟ್ಟುಗ ನಿಂತಿತು. ಬೇಳೆ ಹೊತ್ತಿತು. ನಾನು ಟಿವಿಯ ಸದ್ದು ಜಾಸ್ತಿ ಮಾಡಿದೆ.

ಕೆಲವು ದಿನ ಕಳೆದ ಮೇಲೆ ಊಟ ಬಡಿಸುತ್ತಾ ಸೊಸೆ ಮಗನಿಗೆ ಹೇಳಿದಳು: "ನನ್ನ ಕೈಲಿ ಆಗ್ತಿಲ್ಲ ಕಣ್ರೀ. ಅವಳಿಗೆ ಏನೂ ಬೇಡವಾಗಿದೆ. ನಾನೇ ಎಲ್ಲೋ ತಪ್ಪು ಮಾಡ್ತಿದೀನಿ. ಸ್ಕೂಲಿಗೆ ಸೇರಿಸಿಬಿಡೋಣ."

"ಫೀಸು?" ಎಂದ ಮಗ.

"ಇನ್ನಷ್ಟು ಪುಡಿ ಕುಟ್ತೀನಿ. ಬೆಳಿಗ್ಗೆ ಇನ್ನೂ ಬೇಗ ಎದ್ರಾಯ್ತು."

ನಾನು ಬಯಸಿದ್ದೇ ಅದು. ನಾನು ಬಾಯಿಬಿಡದೆ ಕೂತಿದ್ದರೆ ಸಾಕಿತ್ತು, ಮೊಮ್ಮಗಳು ಯೂನಿಫಾರಂ ಹಾಕುತ್ತಾಳೆ, ಬೆಂಚಿನಲ್ಲಿ ನನ್ನ ಜಾಗ ಗಟ್ಟಿಯಾಗುತ್ತದೆ. ಅದಕ್ಕೆ ಸೊಸೆ ತನ್ನನ್ನು ಕೈಲಾಗದವಳು ಎಂದು ನಂಬಬೇಕು, ಅಷ್ಟೇ. ಅಂದು ನಾನು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡು ಊಟ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹುಳಿ ಚೆನ್ನಾಗಿತ್ತು.

ಜಯನಗರದ ಒಂದು ಶಾಲೆಗೆ ಹೋದೆವು. ಮಗ ಯಾವುದೋ ಲಿಫ್ಟಿನ ಹಿಂದೆ ಹೋಗಿದ್ದ, ಹಿರಿಯರು ಇರಲಿ ಎಂದು ನನ್ನನ್ನೂ ಕರೆದಿದ್ದರು, ಬಸ್ ಟಿಕೆಟ್ ಖರ್ಚಿಗೆ ಅಂದು ಯಾರೂ ಗೊಣಗಲಿಲ್ಲ. ಸೊಸೆ ಮದುವೆಗಳಿಗೆ ಉಡುವ ಸೀರೆ ಉಟ್ಟಿದ್ದಳು. ಮೊಮ್ಮಗಳ ಜಡೆಯಿಂದ ಎಣ್ಣೆ ಸುರಿಯುತ್ತಿತ್ತು. ಹೆಡ್‌ಮಿಸ್ ಒಳ್ಳೆಯವರು, ನಗುಮುಖದವರು. ಭಾಗಾಕಾರ ಕೇಳಿದರು, ಇವಳು ಪಟಪಟನೆ ಹೇಳಿದಳು. ಕೊನೆಗೆ, "ನಿಂಗೆ ನಮ್ಮ ಸ್ಕೂಲಿನ ಬಗ್ಗೆ ಏನಾದ್ರೂ ಕೇಳ್ಬೇಕಾ ಪುಟ್ಟ?" ಎಂದರು.

"ಇಲ್ಲ ಮಿಸ್," ಎಂದಳು ಅವಳು, ಕೈಕಟ್ಟಿಕೊಂಡು.

"ವೆರಿ ಗುಡ್. ಮನೇಲೇ ಓದಿದ ಮಕ್ಕಳು ತುಂಬಾ ಮಾತಾಡ್ತಾರೆ ಅಂದ್ಕೊಂಡಿದ್ದೆ. ನೀವು ಚೆನ್ನಾಗಿ ತಯಾರು ಮಾಡಿದೀರಮ್ಮ."

ಹೊಗಳಿಕೆ ಕೇಳಿ ಸೊಸೆ ತಲೆ ತಗ್ಗಿಸಿದಳು. ಅವಳ ಕಣ್ಣಿನಿಂದ ಸೀರೆಯ ಜರಿಯ ಮೇಲೆ ಒಂದು ಹನಿ ಬಿತ್ತು. ಅದನ್ನು ಒರೆಸಲು ಅವಳು ಕೈ ಕೂಡ ಎತ್ತಲಿಲ್ಲ. ಹೆಡ್‌ಮಿಸ್ ಮುಂದೆ ಹಾಗೆ ಮಾಡಬಾರದೆಂದು ಇರಬೇಕು. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಂಡಿತು.

"ಇದು ನಮ್ಮ ಸೊಸೆ ಮಾಡಿದ್ದಲ್ಲ ಮೇಡಂ. ನಾನು ಅವಳಿಗೆ ಗೊತ್ತಿಲ್ದಂಗೆ ಮಗೂನ ಟ್ಯೂಷನ್ನಿಗೆ ಕಳಿಸ್ತಿದ್ದೆ. ಮೊದ್ಲು ಇವಳು ಹಿಂಗಿರ್ಲಿಲ್ಲ. ತಲೆ ತಿಂದುಹಾಕ್ತಿದ್ಲು."

ಹೆಡ್‌ಮಿಸ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಸ್ಕೂಲಿಗೇ ಹೋಗ್ದಿರೋ ಮಗುಗೆ ಟ್ಯೂಷನ್ನಾ?" ಎಂದವರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿತ್ತು. ಸೊಸೆ ನಗಲಿಲ್ಲ. ಎದ್ದು, "ಕ್ಷಮಿಸಿ ಮೇಡಂ, ಇನ್ನೊಂದ್ಸಲ ಯೋಚನೆ ಮಾಡಿ ಬರ್ತೀವಿ" ಎಂದು ಮಗಳ ಕೈಹಿಡಿದು ಹೊರಟಳು.

ಬಸ್ ಸ್ಟಾಪಿನವರೆಗೆ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ನಿಂತ ಮೇಲೆ ಶುರುವಾಯಿತು.

"ನನ್ನ ಮೇಲೆ ನಂಬಿಕೆ ಇಲ್ಲ ಅಂದಿದ್ರೆ ನೇರವಾಗಿ ಹೇಳ್ಬಹುದಿತ್ತಲ್ಲ ಮಾವ."

"ಹೇಳಿದ್ರೆ ನೀನು ಬೈತಿದ್ದೆ ಕಣಮ್ಮ."

"ಈಗ ಮುದ್ದು ಮಾಡ್ತೀನಾ? ನಂಗೆ ಏನೂ ಬರಲ್ಲ, ಮಗೂನ ನಾನೇ ಹಾಳು ಮಾಡ್ದೆ ಅಂತ ದಿನಾ ಸಾಯ್ತಿದ್ದೆ. ನೀವು ಪಕ್ಕದಲ್ಲೇ ಕೂತು ಟಿವಿ ನೋಡ್ತಿದ್ರಿ!"

ಸೌತೆಕಾಯಿ ಮಾರುವವನು ಗಾಡಿ ಬಿಟ್ಟು ನಮ್ಮ ಕಡೆ ತಿರುಗಿ ನಿಂತ. ಸೊಸೆ ಅವನನ್ನು ಒಂದು ನೋಟ ನೋಡಿದಳು, ಅವನು ಸೌತೆಕಾಯಿಗೆ ನೀರು ಚಿಮುಕಿಸತೊಡಗಿದ. ಆಮೇಲೆ ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ನಿಂಗೆ ಸ್ಕೂಲು ಬೇಕಾ, ನಿಜ ಹೇಳು."

ಮೊಮ್ಮಗಳು ಯೋಚಿಸಿದಳು. "ಒಪ್ಪಿಸೋದು ಬೇಡ. ಚಾಪೆ ಮೇಲೆ ಫ್ರೆಂಡ್ಸ್ ಇದಾರಲ್ಲ, ಅವ್ರು ಬೇಕು."

ಸೊಸೆ ಇದನ್ನು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಬಸ್ಸು ಬಂದು ಹೋಯಿತು. ನಾವು ಹತ್ತಲಿಲ್ಲ.

ಅಂದು ಸಂಜೆಯೇ ಸೊಸೆ ನನ್ನನ್ನು ಮುಂದೆ ಮಾಡಿಕೊಂಡು ಮಿಸ್ ಮನೆಗೆ ಕರೆದೊಯ್ದಳು. ನಿಜ ಕೇಳಿದ ಮಿಸ್ ಸೊಂಟದ ಮೇಲೆ ಕೈಯಿಟ್ಟರು. "ಸ್ಕೂಲೇ ಇಲ್ವಾ? ಆ ಇದ್ದಕ್ಕಿದ್ದಂಗೆ ಮಾಡೋ ಟೆಸ್ಟಿಗೆ ನಾನು ಗಣೇಶನಿಗೆ ಈಡುಗಾಯಿ ಹರಕೆ ಹೊತ್ತಿದ್ದೆನಲ್ರೀ!" ಎಂದರು. ಬೈದು ಮುಗಿಸಿದ ಮೇಲೆ, ಭಾನುವಾರ ಮಕ್ಕಳೆಲ್ಲ ನಮ್ಮ ತಾರಸಿಗೆ ಆಡಲು ಬರಲಿ ಎಂದು ಇಬ್ಬರೂ ಹೆಂಗಸರು ಮಾತಾಡಿಕೊಂಡರು. ಬಾಗಿಲು ಹಾಕುವ ಮುಂಚೆ ಮಿಸ್, "ತರಕಾರಿ ಮಾತ್ರ ನಿಲ್ಲಿಸ್ಬೇಡಿ" ಎಂದರು. "ನಿಲ್ಸಲ್ಲ," ಎಂದಳು ಸೊಸೆ, ನನ್ನ ಪರವಾಗಿ.

ಮೊಮ್ಮಗಳು ಮನೆಯಲ್ಲೇ ಉಳಿದಳು. ಪ್ರಶ್ನೆಗಳು ಮಾತ್ರ ತಕ್ಷಣ ವಾಪಸು ಬರಲಿಲ್ಲ. ಬಹಳ ದಿನ ನೀರಿಗೆ ಅನುಮತಿ ಕೇಳುತ್ತಲೇ ಇದ್ದಳು, ಸೊಸೆ ಪ್ರತಿಸಲವೂ ನನ್ನ ಕಡೆ ಒಂದು ನೋಟ ಎಸೆಯುತ್ತಿದ್ದಳು. ನನ್ನ ಜೊತೆ ಮಾತಾಡುತ್ತಿದ್ದಳು, ಆದರೆ ಅಗತ್ಯಕ್ಕೆ ಮಾತ್ರ. ನನ್ನ ಕಾಫಿಯಲ್ಲಿ ಸಕ್ಕರೆ ಇರುತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ಮೊನ್ನೆ ಮಧ್ಯಾಹ್ನ ಸೊಸೆ ಮಿಕ್ಸಿಯಲ್ಲಿ ಚಟ್ನಿಪುಡಿ ಮಾಡುತ್ತಿದ್ದಳು, ನಾನು ನೆಲದ ಮೇಲೆ ಕೂತು ಕರಿಬೇವು ಬಿಡಿಸುತ್ತಿದ್ದೆ. ಮೊಮ್ಮಗಳು ನನ್ನ ಎದುರು ಬಂದು ಕೂತಳು.

"ತಾತ, ಆವತ್ತು ನೀನು ಸಿಕ್ಕಿಬಿದ್ದಿರ್ಲಿಲ್ಲ. ಮತ್ತೆ ಯಾಕೆ ಹೇಳ್ದೆ?"

"ನಿಮ್ಮಮ್ಮ ಅಳ್ತಿದ್ಲಲ್ಲ ಪುಟ್ಟಿ."

"ಅಮ್ಮ ಅಳ್ದೇ ಇದ್ದಿದ್ರೆ ಹೇಳ್ತಿದ್ಯಾ?"

ಮಿಕ್ಸಿ ನಿಂತಿತು. ಸೊಸೆ ತಿರುಗಿ ನೋಡಲಿಲ್ಲ, ಆದರೆ ಅವಳ ಕೈ ಸ್ವಿಚ್ಚಿನ ಮೇಲೇ ಇತ್ತು. ಪಾರ್ಕಿನ ಎರಡು ಗೇಟುಗಳ ಥರದ ಉತ್ತರವೊಂದು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಇಲ್ಲ," ಎಂದೆ. "ಹೇಳ್ತಿರ್ಲಿಲ್ಲ."

ಮೊಮ್ಮಗಳು ಅದನ್ನು ಕೇಳಿ ತಲೆಯಾಡಿಸಿ, ಮುಂದಿನ ಪ್ರಶ್ನೆಗೆ ಬಾಯಿ ತೆರೆದಳು. ಸೊಸೆ ಮತ್ತೆ ಮಿಕ್ಸಿ ಹಾಕಿದಳು.